ಒಂದು ಗುಡಿಸು

ಅವನ ಕಷ್ಟ ಶುರುವಾದದ್ದು ಒಂದೂವರೆ ಸಾಲಿನ ಸುತ್ತೋಲೆಯಿಂದ. ‘ಸೋಮವಾರ ಸಂಜೆ ಐದರೊಳಗೆ ಮನೆಯಲ್ಲಿ ಜೋಡಿಸಿದ ಮೇಜು, ಕಂಪ್ಯೂಟರಿನ ಫೋಟೋ ಕಳಿಸದವರು ಇನ್ನು ಕಚೇರಿಗೆ ಬರುವ ಅಗತ್ಯವಿಲ್ಲ.’ ಇಪ್ಪತ್ತಾರು ವರ್ಷ ಅದೇ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ‘ಅಗತ್ಯವಿಲ್ಲ’ ಎಂಬುದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋದ ತಿಂಗಳು ಬೈಂಡರಿಗೂ ಹೀಗೇ ಅಗತ್ಯವಿಲ್ಲ ಅಂದಿದ್ದರು. ಈ ಸುತ್ತೋಲೆಯ ಕರಡು ಕೂಡ ಶನಿವಾರ ಅವನ ಮುಂದೆಯೇ ಬಂದಿತ್ತು. ಮೂರು ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿ, ತನ್ನ ಕುತ್ತಿಗೆಗೆ ಬರುವ ಕತ್ತಿಗೆ ತಾನೇ ಸಾಣೆ ಹಿಡಿದುಕೊಟ್ಟಿದ್ದ.

ತೆಳ್ಳಗೆ, ಕೊಂಚ ಬಾಗಿದ ಆಳು. ಕಚೇರಿಯಲ್ಲಿ ಅವನನ್ನು ಅಲ್ಪವಿರಾಮ ಎನ್ನುತ್ತಿದ್ದರು. ಹೆಂಡತಿ ಸತ್ತ ಈ ಎರಡು ವರ್ಷದಲ್ಲಿ ಬಾಗು ಇನ್ನಷ್ಟು ಹೆಚ್ಚಾಗಿತ್ತು. ಆ ಅಡ್ಡಹೆಸರು ಕೂಗಲಾದರೂ ನಾಲ್ಕು ಜನ ಇದ್ದದ್ದು ಅಲ್ಲೇ. ಫೋಟೋ ಕಳಿಸಿದರೆ ತನ್ನ ಹಳೇ ಕುರ್ಚಿ ಉಳಿಯುತ್ತದೆ, ಮನೆಯ ಮೇಜು ಹೆಚ್ಚಿನ ಕೆಲಸಕ್ಕಿರಬೇಕು ಎಂದುಕೊಂಡ.

ಸೋಮವಾರ ಬೆಳಿಗ್ಗೆ ಅವನು ತರಿಸಿದ ಮೇಜು ಬಂತು, ಒಂದು ಚಪ್ಪಟೆ ಡಬ್ಬದಲ್ಲಿ; ಜೊತೆಗೆ ಒಂದು ಹಳೇ ಕಂಪ್ಯೂಟರು. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಪ್ಲಗ್ ಇದ್ದದ್ದು ಕಿಟಕಿಯ ಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಇತ್ತು. ಸೂಜಿಯ ಕೆಳಗೆ ಅವನದೇ ಅಂಗಿ, ಅರ್ಧ ಹೊಲಿದ ಜೇಬು. ಎರಡು ವರ್ಷದಿಂದ ಅವನು ಅದನ್ನು ಮುಟ್ಟಿರಲಿಲ್ಲ, ಸುತ್ತಲಿನ ಕಸವನ್ನೂ ತೆಗೆದಿರಲಿಲ್ಲ. ಅಕ್ಷರದ ತಲೆಯ ಮೇಲಿನ ಗುಡಿಸು ತಪ್ಪಿದರೆ ಅವನು ಊಟ ಬಿಡುತ್ತಾನೆಂದು ಅವಳು ನಗುತ್ತಿದ್ದಳು. “ನಿಮ್ಮ ಗುಡಿಸು ಎಲ್ಲಾ ಕಾಗದದ ಮೇಲೆ. ಪೊರಕೆ ಹಿಡಿದು ಗುಡಿಸಿದ್ದು ಮಾತ್ರ ನಾ ಕಂಡಿಲ್ಲ” ಎನ್ನುತ್ತಿದ್ದಳು.

ಡಬ್ಬ ಬಿಚ್ಚುವ ಸದ್ದಿಗೆ ಎದುರುಮನೆಯ ನಿವೃತ್ತ ಸರ್ವೇಯರ್ ಅಳತೆ ಟೇಪು ಸಮೇತ ಬಂದರು. ಅವರು ಕರೆಯದೆ ಬರುತ್ತಿದ್ದರು, ಅಳೆಯದೆ ಹೋಗುತ್ತಿರಲಿಲ್ಲ. ಮೂಲೆ ಅಳೆದರು, ಮೇಜು ಅಳೆದರು, ಅವನನ್ನೂ ಒಮ್ಮೆ ಕಣ್ಣಲ್ಲೇ ಅಳೆದರು. ಯಂತ್ರ ತೆಗೆದರೆ ಮೇಜು ಎರಕ ಹೊಯ್ದ ಹಾಗೆ ಕೂರುತ್ತದೆ, ತೆಗೆಯದಿದ್ದರೆ ಕೂರುವುದೇ ಇಲ್ಲ ಎಂದು ತೀರ್ಪು ಕೊಟ್ಟರು.

ಯಂತ್ರವನ್ನು ಅಡುಗೆಮನೆಗೆ ಎಳೆದರು. ಗ್ಯಾಸ್ ಸಿಲಿಂಡರು ಅಡ್ಡ ಬಂತು. ಬಚ್ಚಲಿಗೆ ಸರಿಸಿದರು. ಬಾಗಿಲು ಹಾಕಲಾಗಲಿಲ್ಲ. ಹೊಸಿಲ ಆಚೆ ಇಟ್ಟರೆ ಮಹಡಿ ಮೆಟ್ಟಿಲಿನ ದಾರಿ ಮುಚ್ಚಿತು. ಆಗಲೇ ಇಳಿದು ಬಂದ ಮಹಡಿಯ ಅಕ್ಕ ಅದನ್ನು ನೋಡಿದರು. ತಮ್ಮ ಮಗಳು ಹೊಲಿಗೆ ಕಲಿಯುತ್ತಿದ್ದಾಳೆ ಎಂದರು.

“ಸುಮ್ನೆ ತುಕ್ಕು ಹಿಡಿಯೋ ಬದ್ಲು ನಮ್ಮನೇಲಿ ತಿರುಗ್ಲಿ. ಆಕೆಗೂ ಅದೇ ಸಮಾಧಾನ ಅಲ್ವಾ ತಮ್ಮಾ?”

ಅವನು ಗಡಿಯಾರ ನೋಡಿದ. ಎರಡು ಗಂಟೆ. ಹೂಂ ಎಂದ. ಅಕ್ಕ ಬಗ್ಗಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಅಂಗಿಯನ್ನು ಅವನ ಕೈಗಿತ್ತರು.

ಮೇಜು ಜೋಡಿಸುವುದು ಮತ್ತೊಂದು ಕಥೆ. ಸರ್ವೇಯರ್ ತಿರುಪು ಬಿಗಿಯುತ್ತಿದ್ದರೆ ಇವನು ಸೂಚನಾ ಪತ್ರ ಹಿಡಿದು ಕೆಂಪು ಪೆನ್ನಿಂದ ಕಾಗುಣಿತ ತಿದ್ದುತ್ತಿದ್ದ.

“ಓದಿ ಹೇಳ್ರೀ ಅಂದ್ರೆ ಮಾರ್ಕು ಹಾಕ್ತಾ ಕೂತಿದೀರಲ್ಲ” ಎಂದು ಅವರು ಗದರಿದರು. “ನೀವು ತಿದ್ದಿ ಮುಗಿಸೋದ್ರೊಳಗೆ ಗೆದ್ದಲು ಈ ಮೇಜು ತಿಂದು ಕೈ ತೊಳ್ಕೊಂಡಿರುತ್ತೆ.”

ಒಂದು ಕಾಲು ತಲೆಕೆಳಗಾಯಿತು. ಮೇಜು ಬೆದರಿದ ಕತ್ತೆಯ ಹಾಗೆ ಮೂರು ಕಾಲಲ್ಲಿ ನಿಂತು ಒಂದನ್ನು ಎತ್ತಿತು. ಬಿಚ್ಚಿ ಮತ್ತೆ ಕೂರಿಸಿದರು. ಪರದೆ ತಗ್ಗಾಯಿತೆಂದು ಕೆಳಗೆ ದಪ್ಪ ನಿಘಂಟು ಇಟ್ಟರು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಫೋಟೋ ಹೋಯಿತು. ಸರ್ವೇಯರ್ ತಮ್ಮ ಟೇಪನ್ನು ತಾವೇ ಮೆಚ್ಚಿಕೊಳ್ಳುತ್ತ ಮನೆಗೆ ಹೋದರು.

ಐದೂಕಾಲಿಗೆ ಕಚೇರಿಯ ಟೈಪಿಸ್ಟ್ ಫೋನು ಮಾಡಿದಳು.

“ಅಣ್ಣಾ, ಫೋಟೋ ಕಳಿಸಿಬಿಟ್ರಾ?”

“ಕಳಿಸ್ದೆ. ನೀನು?”

“ನಮ್ಮನೇಲಿ ಜಾಗ ಎಲ್ಲಿದೆ? ಹಾಗಂತ ಪ್ರೆಸ್ಸಿನ ಯಜಮಾನ್ರಿಗೆ ಹೇಳ್ದೆ. ಸರಿ, ನೀನು ಎಂದಿನ ಹಾಗೆ ಇಲ್ಲಿಗೇ ಬಾ ಅಂದ್ರು. ಅವ್ರು ಬರೆದಿದ್ದು ‘ಕಳಿಸಿದವರು’ ಅಂತ ಅಣ್ಣಾ. ಮೇಜು ಇರೋರು ಇನ್ಮೇಲೆ ಮನೇಲೇ ಕೆಲ್ಸ ಮಾಡ್ಲಿ, ಇಲ್ಲದೋರು ಕಚೇರಿಗೆ ಬರ್ಲಿ ಅಂತ. ಯಾರೋ ‘ಸಿ’ಯ ಗುಡಿಸು ಹೊಡೆದು ‘ಕಳಿಸದವರು’ ಮಾಡಿದಾರೆ.”

“ಕೆಂಪು ಶಾಯೀಲಾ?”

“ಹೂಂ.”

ಕಳಿಸಿದವರಿಗೆ ಯಾರಾದರೂ ಬರಬೇಡಿ ಅನ್ನುತ್ತಾರೆಯೇ ಎಂದು ಶನಿವಾರ ಅವನಿಗೆ ನಗು ಬಂದಿತ್ತು. ಅದೇ ಮೂರನೆಯ ತಪ್ಪು.

“ನಿಮ್ಮ ಕುರ್ಚೀನ ನಂಗೆ ಕೊಟ್ಟಿದಾರೆ” ಎಂದಳು ಅವಳು, ಮೆಲ್ಲಗೆ.

ಅವನು ಮಹಡಿ ಹತ್ತಿದ. ಯಂತ್ರಕ್ಕೆ ಆಗಲೇ ಎಣ್ಣೆ ಬಿದ್ದು, ಒರೆಸಿ, ಹೊಸ ದಾರ ಪೋಣಿಸಿಯಾಗಿತ್ತು. ಮಗಳು ತುಳಿಯುತ್ತಿದ್ದಳು. ಒಳ್ಳೇ ಹೊತ್ತಿಗೆ ಬಂದ್ರಿ, ಆ ಅಂಗಿ ತನ್ನಿ, ಜೇಬು ಮುಗಿಸಿ ಕೊಡ್ತಾಳೆ ಎಂದರು ಅಕ್ಕ. “ಬೇಡಕ್ಕ, ಹಾಗೇ ಇರ್ಲಿ” ಎಂದು ಇಳಿದು ಬಂದ.

ನಾಳೆಯಿಂದ ಇಡೀ ದಿನ ಕೂರಬೇಕಾದ ಜಾಗ. ಮೇಲಿನಿಂದ ಯಂತ್ರದ ಸದ್ದು ಬರುತ್ತಿತ್ತು. ಬಗ್ಗಿ ನೋಡಿದರೆ ಮೇಜಿನ ಹಿಂಬದಿ ಹಲಗೆಯ ಕೆಳಗಿನ ಸಣ್ಣ ಸೀಳಿನಾಚೆ, ಗೋಡೆಯ ಬುಡದಲ್ಲಿ, ಅವಳ ದಾರದ ತುಂಡುಗಳು, ಬಟ್ಟೆಯ ಚೂರುಗಳು, ಒಂದು ಗುಂಡಿ. ಅವನು ಮದುವೆಯಾದ ಮೇಲೆ ಮೊದಲ ಸಲ ಪೊರಕೆ ತಂದ.

ಸರ್ವೇಯರರ ಅಳತೆ ಸರಿಯಾಗಿತ್ತು. ಮೇಜಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ಪೊರಕೆ ಒಳಗೆ ಹೋಗಲಿಲ್ಲ.