ಶೆಟ್ಟೆಪ್ಪನ ಎದೆಬಡಿತ

ಮಮದಾಪುರದ ಚಾವಡಿಯಲ್ಲಿ ಮುಕ್ಕಾಂ ಮಾಡಿದ್ದ ಪೊಲೀಸ್ ಫೌಜದಾರ, ಕುರುಬರ ಶೆಟ್ಟೆಪ್ಪನ ಟಗರನ್ನು ಕೇಳದೆ ಹಿಡಿಸಿ, ಕೊಯ್ಯಿಸಿ, ಉಂಡ.

ಯಾರೋ ಬೆಳಗಾವಿಯ ದೊಡ್ಡ ಸಾಹೇಬರಿಗೆ ಅರ್ಜಿ ಬರೆದರು. ಮರುವಾರ ಬೆಳಿಗ್ಗೆ ಚಾವಡಿಯ ವಾಲೀಕಾರ ಯಲ್ಲಾರಿ ಶೆಟ್ಟೆಪ್ಪನ ಬಾಗಿಲಿಗೆ ಬಂದ.

"ಫೌಜದಾರ ಸಾಹೇಬ್ರು ಮತ್ತ ಬಂದಾರ, ಸಂಜಿಕ ಚಾವಡಿಗೆ ಬರಬೇಕಂತ. ‘ಟಗರು ನಾನ ಖುಷಿಲೆ ಕೊಟ್ಟೇನಿ’ ಅಂತ ಕಾಗದ ಬರದಾರ. ಹೆಬ್ಬಟ್ಟ ಒತ್ತಿ ಬಾ."

"ಒತ್ತಲಿಲ್ಲಂದ್ರ?"

"ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲ ನೋಡು," ಎಂದು ಯಲ್ಲಾರಿ ಬೀಡಿ ಹಚ್ಚಿಕೊಂಡು ಹೋದ.

ಶೆಟ್ಟೆಪ್ಪನ ಎದೆ ಚೀಲದಲ್ಲಿ ಕಟ್ಟಿದ ಕೋಳಿಯಂತೆ ಬಡಿದುಕೊಳ್ಳತೊಡಗಿತು. ಸಿಟ್ಟಿತ್ತು. ಅಂಜಿಕೆ ಸಿಟ್ಟಿಗಿಂತ ಒಂದು ಗೇಣು ಎತ್ತರವಿತ್ತು. ಒತ್ತಿ ಬಂದುಬಿಡುವುದೆಂದೇ ನಿಶ್ಚಯಿಸಿದ. ಆದರೆ ಕೈ ಹೀಗೆ ನಡುಗಿದರೆ ಹೆಬ್ಬೆಟ್ಟು ಕಾಗದದ ಮೇಲೆ ಕೂಡಬೇಕಲ್ಲ?

"ತಲಿಗೆ ಕಾವ ಏರೇತಿ," ಎಂದು ಹೆಂಡತಿ ಸಾವಿತ್ರವ್ವ ನೆತ್ತಿಗೆ ಅಂಗೈ ತುಂಬ ಔಡಲೆಣ್ಣೆ ಬಡಿದಳು. ಎಣ್ಣೆ ಕಿವಿಗಿಳಿಯಿತು. ಎದೆಬಡಿತ ತಗ್ಗಲಿಲ್ಲ.

ಬಾಜೂ ಮನೆಯ ಪದ್ಮವ್ವ ಬಂದಳು. ಅವಳ ಗಂಡನಿಗೆ ಕಾಳಿನ ವ್ಯಾಪಾರ.

"ಎಣ್ಣಿ ತಲಿಗೆ ರುಮಾಲ ಸುತ್ತಿದ್ರ ಕೆಡ್ತೈತಿ. ನಮ್ಮನಿಯವರ ಹಳೇ ಬಿಳೀ ಟೊಪಿಗಿ ಐತಿ, ತಗೋ. ಮತ್ತ ಸಾವಕಾಶ ಉಸರ ಎಳದು ಬಿಡು. ಎಣಸ್ಕೋಂತ ಕುಂಡ್ರು."

"ಎಷ್ಟ ಎಣಸ್ಲಿರಿ ವೈನಿ?"

"ಎದಿ ತಣ್ಣಗ ಆಗೂತನಕ."

ಶೆಟ್ಟೆಪ್ಪನಿಗೆ ಇಪ್ಪತ್ತರ ಮುಂದೆ ಎಣಿಕೆ ಬಾರದು. ಕುರಿ ಎಣಿಸುವಾಗ ಇಪ್ಪತ್ತಕ್ಕೊಂದು ಹರಳುಕಲ್ಲು ಉಡಿಗೆ ಹಾಕಿಕೊಳ್ಳುವುದು ಅವನ ರೂಢಿ. ಉಸಿರಿಗೂ ಅದನ್ನೇ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಉಡಿ ಉಬ್ಬಿ ದಿನ ತುಂಬಿದ ಬಸುರಿಯಂತಾದ.

"ಉಸರೇನ ಕಳವ ಆಗತೈತೇನಲೇ, ಎಣಸಾಕ?" ಎಂದ ಕಾಕಾ ಶಿದ್ರಾಮ. "ಕೈಗೆ ಕೆಲಸ ಕೊಡು. ಉಣ್ಣಿ ನೂಲೂ ತಕಲಿ ತಿರುವಿಕೋಂತ ಹೋಗು. ಕೈಯಾಗ ತಕಲಿ ಇದ್ರ ಹುಲಿ ಬಂದ್ರೂ ಎದಿ ಅಲುಗೂದಿಲ್ಲ."

"ನಿನಗ ಹುಲಿ ಬಂದಿತ್ತ ಕಾಕಾ?"

"ಬಂದಿದ್ದಿಲ್ಲ. ತಕಲಿ ಇತ್ತಲ್ಲ."

ಸಂಜೆ ಶೆಟ್ಟೆಪ್ಪ ಉಣ್ಣೆ ನೂಲುತ್ತ ಚಾವಡಿಯ ಮೆಟ್ಟಿಲೇರಿದ. ಅವನಿಗೇ ಆಶ್ಚರ್ಯ, ಕೈ ನಡುಗುತ್ತಿರಲಿಲ್ಲ.

ಅದು ಉಪ್ಪಿನ ಸತ್ಯಾಗ್ರಹದ ವರ್ಷ. ಕಾಂಗ್ರೆಸ್ಸಿನವರ ಬಿಳಿ ಟೊಪ್ಪಿಗೆ, ಅದರ ಕೆಳಗೊಂದು ತಕಲಿ ಕಂಡರೆ ಫೌಜದಾರನಿಗೆ ಉಂಡದ್ದು ಅರಗುತ್ತಿರಲಿಲ್ಲ. ಕುರ್ಚಿ ಬಿಟ್ಟು ಎದ್ದ.

"ಟೊಪಿಗಿ ಹಾಕ್ಕೊಂಡ ಬಂದಿ?"

"ಎಣ್ಣಿ ಬಡದಾರ್ರಿ ಸಾಹೇಬ್ರ."

"ಸರಕಾರದ ಚಾವಡಿಯಾಗ ನೂಲ ತಗೀತಿ?"

"ಇದ ಉಣ್ಣಿರಿ. ಅಂಜಿಕಿಗೆ ಚಲೋ ಅಂತ್ರಿ."

ಎನ್ನುತ್ತ ಶೆಟ್ಟೆಪ್ಪ ಬಗ್ಗಿ ಮುಜರೆ ಮಾಡಿದ. ಉಡಿ ಬಿಚ್ಚಿತು. ಹರಳುಗಳು ಫೌಜದಾರನ ಬೂಟಿನ ತನಕ ಉರುಳಿದವು.

"ಕಲ್ಲ ಒಗ್ಯಾಕ ಬಂದಾನ. ಇವು ಏನಲೇ?"

"ನನ್ನ ಉಸರರಿ. ಇಪ್ಪತ್ತಕ್ಕೊಂದು."

ಪೊಲೀಸರು ಅವನನ್ನು ಹಿಂದಿನ ಕೋಣೆಗೆ ನೂಕಿ ಅಗುಳಿ ಹಾಕಿದರು.

ಒಳಗೆ ತಂಪಿತ್ತು. ಎಣ್ಣೆ ಹಿಡಿದು ಯಾರೂ ಬರಲಿಲ್ಲ. ಬೆಳಗಿನಿಂದ ಯಾವುದಕ್ಕೆ ಅಂಜಿದ್ದನೋ ಅದು ಆಗಿಹೋಗಿತ್ತು. ಮುಂದೆ ಅಂಜಲು ಏನೂ ಉಳಿದಿರಲಿಲ್ಲ. ಎದೆ ಕುಣಿದು ದಣಿದ ಕರುವಿನಂತೆ ಮಲಗಿಬಿಟ್ಟಿತು. ಅಲ್ಲಿಯ ತನಕ ಅದರ ಕೆಳಗೆ ಸಿಕ್ಕಿಕೊಂಡಿದ್ದ ಸಿಟ್ಟು ಮೈಮುರಿದು ಎದ್ದು ಕೂತಿತು.

ಹೊರಗೆ ಫೌಜದಾರ ಕೈದಿಯ ಮೇಲೆ ರಿಪೋರ್ಟು ಬರೆಯುತ್ತ ಅರ್ಧಕ್ಕೆ ನಿಂತ. ಕಾಂಗ್ರೆಸ್ಸಿನವನೊಬ್ಬ ಫೌಜದಾರನಿಗೆ ಖುಷಿಯಿಂದ ಟಗರು ಕೊಟ್ಟನೆಂದರೆ ಬೆಳಗಾವಿಯಲ್ಲಿ ಯಾರು ನಂಬುತ್ತಾರೆ? ರಿಪೋರ್ಟು ಹರಿದ. ತಾನೇ ಅಗುಳಿ ತೆಗೆದ.

"ನೀ ಕಾಂಗ್ರೆಸ್ಸಿನವ ಅಲ್ಲ ಬಿಡಪಾ, ನನಗ ತಪ್ಪ ತಿಳಿವಳಿಕಿ ಆತು. ಈ ಟಗರಿನ ಕಾಗದಕ್ಕ ಹೆಬ್ಬಟ್ಟ ಒತ್ತು, ಮನಿಗಿ ಹೋಗು."

ಕಾಗದ ಫೌಜದಾರನ ಕೈಯಲ್ಲಿ ಪಟಪಟನೆ ಅಲುಗುತ್ತಿತ್ತು. ಸುದ್ದಿ ತಿಳಿದು ಓಡಿ ಬಂದಿದ್ದ ಸಾವಿತ್ರವ್ವ, ಕಿಟಕಿಯಾಚೆಯಿಂದ ಪದ್ಮವ್ವ, ಶಿದ್ರಾಮ ಮೂವರೂ ಒಂದೇ ದನಿಯಲ್ಲಿ, "ಒತ್ತಿ ಬಾರೋ," ಎಂದರು.

"ಒತ್ತಾಕ ಬಂದಿದ್ದೆರಿ ಸಾಹೇಬ್ರ," ಎಂದ ಶೆಟ್ಟೆಪ್ಪ. "ಒತ್ತಲಿಲ್ಲಂದ್ರ ಒಳಗ ಹಾಕ್ತೀರಿ ಅಂತ ಅಂಜಿಕಿ ಇತ್ತು. ಒತ್ತಾಕ ಬಂದ್ರೂ ಒಳಗ ಹಾಕಿದ್ರಿ."

"ಅದಕ್ಕ ಈಗ ಬಿಡಾಕತ್ತೇನಲ್ಲ. ಒತ್ತು."

ಶೆಟ್ಟೆಪ್ಪ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದ.

"ಇಲ್ಲರಿ. ಒತ್ತೂದಿಲ್ಲ."