ಪರಿಶೀಲನೆಯಲ್ಲಿರುವ ಸೈಕಲ್

ಯಾವ ರಸ್ತೆಯೂ ತಾನಾಗಿ ಅಪಾಯಕಾರಿಯಲ್ಲ. ಜನ ಅದರ ಮೇಲೆ ಓಡಾಡುವುದರಿಂದಷ್ಟೇ ಅಪಾಯ ಉಂಟಾಗುತ್ತದೆ ಎಂಬುದು ನಗರದ ರಸ್ತೆ ಇಲಾಖೆಯ ಬಹುಕಾಲದ ನಿಲುವು. ಈ ನಿಲುವಿಗೆ ಬದ್ಧವಾಗಿಯೇ ಇಲಾಖೆಯು ಸೈಕಲ್ ಸವಾರರಿಗೆ ಸುರಕ್ಷಿತ ಮಾರ್ಗವೊಂದನ್ನು ಹುಡುಕಿಕೊಡಲು ತೀರ್ಮಾನಿಸಿ, ತನ್ನ ಕಿರಿಯ ಎಂಜಿನಿಯರೊಬ್ಬನನ್ನು ಮಾರ್ಗಶೋಧನಾಧಿಕಾರಿಯನ್ನಾಗಿ ನೇಮಿಸಿತು. ಆತನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಹಾಗಾಗಿ ಪಕ್ಷಪಾತದ ಭಯವಿರಲಿಲ್ಲ.

ಆತನ ಹೆಂಡತಿಗೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಆಕೆ ನರ್ಸು. ದಿನವೂ ಹೆದ್ದಾರಿಯಲ್ಲಿ ಸೈಕಲ್ ತುಳಿದು ಆಸ್ಪತ್ರೆಗೆ ಹೋಗುವವಳು, ಆ ವಾರವಷ್ಟೇ ಬಸ್ಸೊಂದು ಹ್ಯಾಂಡಲ್ಲನ್ನು ಸವರಿಕೊಂಡು ಹೋಗಿದ್ದರಿಂದ ಚರಂಡಿಗೆ ಬಿದ್ದು ಎದ್ದು ಬಂದಿದ್ದಳು.

"ರೀ, ಊರಿನವರಿಗೆಲ್ಲ ಆಮೇಲೆ ಹುಡುಕಿ. ಮೊದ್ಲು ನಂಗೊಂದು ದಾರಿ ಹುಡುಕಿ ಕೊಡಿ," ಎಂದಳು. "ಇನ್ನೊಂದ್ಸಲ ಬಿದ್ರೆ ಎದ್ದು ಬರ್ತೀನೋ ಇಲ್ವೋ."

ಹೆಂಡತಿಯೆಂದರೆ ಆತನಿಗೆ ಪ್ರಾಣ. ಮರುದಿನವೇ ಇಲಾಖೆಯ ಜೀಪಿನಲ್ಲಿ ಕುಳಿತು ಸೈಕಲ್ ದಾರಿ ಹುಡುಕಲು ಹೊರಟ.

ನಿಯಮ ಸ್ಪಷ್ಟವಾಗಿತ್ತು: ಈವರೆಗೆ ಒಂದೂ ಅಪಘಾತ ನಡೆಯದ ದಾರಿಯೇ ಸುರಕ್ಷಿತ ದಾರಿ. ಮುಖ್ಯರಸ್ತೆಯಲ್ಲಿ ಅಪಘಾತಗಳು ಆಗಿದ್ದವು. ಅಡ್ಡರಸ್ತೆಗಳಲ್ಲಿ, ಮುಖ್ಯರಸ್ತೆಯ ಸಹವಾಸವೇ ಬೇಡವೆಂದು ಬಂದವರ ಅಪಘಾತಗಳು ಆಗಿದ್ದವು. ಫುಟ್‌ಪಾತಿನಲ್ಲಿ ಮೋಟರ್‌ಬೈಕುಗಳು ಒಂದಕ್ಕೊಂದು ಗುದ್ದಿಕೊಂಡಿದ್ದವು. ಕೊನೆಗೆ ಉಳಿದದ್ದು ಉದ್ಯಾನದೊಳಗಿನ ದಾರಿ. ಅದನ್ನು ಪರೀಕ್ಷಿಸಲು ಹೋದ ಆತನ ಜೀಪೇ ಐಸ್‌ಕ್ರೀಮ್ ಗಾಡಿಗೆ ಗುದ್ದಿ, ಆ ದಾರಿಯೂ ಅನರ್ಹವಾಯಿತು.

ಮುಖ್ಯ ಎಂಜಿನಿಯರು ರೇಗಿದರು. "ಏನ್ರೀ, ಇಷ್ಟು ದೊಡ್ಡ ಊರಲ್ಲಿ ಅಪಘಾತ ಆಗ್ದೇ ಇರೋ ಜಾಗ ಒಂದೂ ಇಲ್ವೇನ್ರೀ?"

"ಯಾಕಿಲ್ಲ ಸಾರ್? ನಮ್ಮ ವರಾಂಡ ಇದೆಯಲ್ಲ," ಎಂದ ಹೆಡ್ ಗುಮಾಸ್ತ. ಬಂದ ಕಡತಕ್ಕೆಲ್ಲ ಏನಾದರೊಂದು ಕೊಕ್ಕೆ ಹಾಕುವ ಈತನನ್ನು ಕಚೇರಿಯವರು ಪ್ರೀತಿಯಿಂದ ಕೊಕ್ಕೆ ಎಂದೇ ಕರೆಯುತ್ತಿದ್ದರು. "ಮುಂಬಾಗಿಲಿಂದ ಹಿಂಬಾಗಿಲವರೆಗೆ ಎಷ್ಟುದ್ದ ಇದೆ ನೋಡಿ. ಕಟ್ಟಡ ಕಟ್ಟಿದಾಗಿನಿಂದ ಇಲ್ಲಿ ಯಾವುದೂ ವೇಗವಾಗಿ ಹೋಗಿಲ್ಲ."

ಮಾತು ನಿಜವಾಗಿತ್ತು. ಹಿಂಬಾಗಿಲು ತೆರೆದರೆ ಎದುರಿಗೇ ಆಸ್ಪತ್ರೆ. ಕಿರಿಯ ಎಂಜಿನಿಯರ್ ಕುಣಿದಾಡುವುದೊಂದು ಬಾಕಿ. ವರಾಂಡದುದ್ದಕ್ಕೂ ನೀಲಿ ಪಟ್ಟಿ ಬಳಿಸಿದ. ಮೇಯರು ಬಂದು ರಿಬ್ಬನ್ ಕತ್ತರಿಸಿ, ಭಾಷಣ ಮಾಡಿ, ಕಾರು ಹತ್ತಿ ಹೋದರು.

ಆಮೇಲೆ ಕೊಕ್ಕೆ ಬಾಯಿ ಬಿಟ್ಟ. "ಒಂದು ಸಣ್ಣ ತೊಡಕು ಸಾರ್. ವರಾಂಡದಲ್ಲಿ ಕಡತ ಬಿಟ್ಟು ಬೇರೇನೂ ಸಾಗೋ ಹಾಗಿಲ್ಲ. ಸೈಕಲ್ಲನ್ನೇ ಕಡತ ಅಂತ ಮಾಡ್ಕೊಂಡ್ರೆ ಅಡ್ಡಿಯಿಲ್ಲ."

"ಮತ್ತೆ ಸವಾರರು?" ಎಂದ ಕಿರಿಯ ಎಂಜಿನಿಯರ್.

"ಅವರನ್ನ ಲಗತ್ತಿಸೋಕೆ ಬರೋದಿಲ್ಲ ಸಾರ್. ಪಂಚ್ ಮಾಡಿ ತೂತು ಹಾಕ್ಬೇಕಾಗುತ್ತೆ."

ಅಂದೇ ಪ್ರಕಟಣೆ ಹೊರಬಿತ್ತು:

"ಸುರಕ್ಷಿತ ಮಾರ್ಗದಲ್ಲಿ ಸಾಗಬೇಕಾದ ಸೈಕಲ್ಲುಗಳನ್ನು ಮುಂಬಾಗಿಲಲ್ಲಿ ಒಪ್ಪಿಸತಕ್ಕದ್ದು. ಸದರಿ ಸೈಕಲ್ಲುಗಳು ಮೇಜಿನಿಂದ ಮೇಜಿಗೆ ಕ್ರಮಬದ್ಧವಾಗಿ ಸಾಗುವುವು. ಸವಾರರು ಹೊರಗಿನ ಹೆದ್ದಾರಿಯಲ್ಲಿ ನಡೆದುಹೋಗಿ ಹಿಂಬಾಗಿಲಲ್ಲಿ ಅವುಗಳನ್ನು ಪಡೆಯತಕ್ಕದ್ದು. ಅವಸರಪಡಿಸತಕ್ಕದ್ದಲ್ಲ."

ಮೊದಲು ಒಪ್ಪಿಸಿದ್ದು ನರ್ಸಿನ ಸೈಕಲ್. ಹ್ಯಾಂಡಲ್ಲಿಗೆ ಕೆಂಪು ದಾರ ಕಟ್ಟಿದರು, ಬೆಲ್ಲಿನ ಮೇಲೆ ಸಂಖ್ಯೆ ಬರೆದರು, ಸೀಟಿಗೆ ಮೊಹರು ಒತ್ತಿದರು. ಲೆಕ್ಕಪತ್ರ ವಿಭಾಗದವರೆಗೆ ಅದು ಸಲೀಸಾಗಿಯೇ ಬಂತು. ಅಲ್ಲಿ ಕೊಕ್ಕೆ ಷರಾ ಬರೆದ: "ಎರಡು ಚಕ್ರಗಳ ಪೈಕಿ ಮೂಲ ಯಾವುದು, ನಕಲು ಯಾವುದು ಎಂಬುದು ಸ್ಪಷ್ಟವಿರುವುದಿಲ್ಲ."

ಅವಳು ದಿನವೂ ಹೆದ್ದಾರಿಯಲ್ಲಿ ನಡೆದು ಬಂದು, ಹಿಂಬಾಗಿಲಲ್ಲಿ ವಿಚಾರಿಸಿ, ಕೆಲಸಕ್ಕೆ ಹೋಗುತ್ತಿದ್ದಳು.

"ನನ್ ಸೈಕಲ್ ಏನಾಯ್ತು ರೀ?"

"ಪರಿಶೀಲನೆಯಲ್ಲಿದೆ ಕಣೇ. ಒಂದು ಗೀರೂ ಬಿದ್ದಿಲ್ಲ," ಎನ್ನುತ್ತಿದ್ದ ಆತ, ಹೆಮ್ಮೆಯಿಂದ. ಸುಳ್ಳು ಹೇಳುವ ಮನುಷ್ಯನಲ್ಲ.

ನಂತರ ಉಳಿದವರೂ ಸೈಕಲ್ ಒಪ್ಪಿಸಿದರು. ವರಾಂಡ ತುಂಬಿತು, ರಸ್ತೆಯಲ್ಲಿ ಸೈಕಲ್ ಕಾಣದಾಯಿತು, ಸೈಕಲ್ ಅಪಘಾತಗಳು ಪೂರ್ತಿ ನಿಂತೇಹೋದವು. ಬೇರೆ ನಗರದವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಕಿರಿಯ ಎಂಜಿನಿಯರಿಗೆ ಬಡ್ತಿ ಖಚಿತವಾಯಿತು.

ಬಡ್ತಿಯ ಆದೇಶ ಬರುವ ದಿನ ಆಸ್ಪತ್ರೆಯಿಂದ ಫೋನ್ ಬಂತು. ಹೆದ್ದಾರಿಯಲ್ಲಿ ಅವಳಿಗೆ ಕಾರು ಗುದ್ದಿತ್ತು.

ಆತ ಬಿದ್ದಂಬೀಳ ಓಡಿದ. ಅವಳು ತಾನೇ ದಿನವೂ ಹಾಸಿಗೆ ಸರಿಪಡಿಸುತ್ತಿದ್ದ ವಾರ್ಡಿನಲ್ಲಿ ಮಲಗಿದ್ದಳು, ಕಾಲಿಗೆ ಪ್ಲಾಸ್ಟರು. ಅವಳ ಕೈ ಹಿಡಿದು ಮಗುವಿನಂತೆ ಅತ್ತುಬಿಟ್ಟ. ಹಿಂದೆಯೇ ಬಂದ ಮುಖ್ಯ ಎಂಜಿನಿಯರು ಮತ್ತು ಕೊಕ್ಕೆ ಮುಖ ಸಪ್ಪಗೆ ಮಾಡಿಕೊಂಡು ನಿಂತರು.

"ಅಮ್ಮಾ," ಎಂದರು ಮುಖ್ಯ ಎಂಜಿನಿಯರು ಅಳುಕುತ್ತ, "ಗುದ್ದಿದಾಗ ನೀವು... ಯಾರದ್ದಾದ್ರೂ ಸೈಕಲ್ ಮೇಲಿದ್ರಾ?"

"ಇಲ್ಲ ಸಾರ್, ನಡ್ಕೊಂಡು ಹೋಗ್ತಿದ್ದೆ."

ನಡೆಯುವವರು ಬೇರೆ ಇಲಾಖೆಗೆ ಸೇರುತ್ತಾರೆ. ಮೂವರೂ ನಿರಾಳವಾಗಿ ಉಸಿರು ಬಿಟ್ಟರು. ಎಲ್ಲರಿಗಿಂತ ಜೋರಾಗಿ ಬಿಟ್ಟವನು ಗಂಡ.

"ಕಣ್ಣೊರಸ್ಕೊಳ್ಳಿ," ಎಂದು ಅವಳು ಆತನ ತಲೆ ಸವರಿದಳು. "ನಿಮ್ಮ ದಾರೀಲಿ ಇನ್ನೂ ಯಾರೂ ಬಿದ್ದಿಲ್ಲ."