ಹೆಂಡತಿಯ ಹುಬ್ಬಿನ ನಡುವಿನ ಎರಡು ಗೆರೆ

ಟವೆಲ್ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಮಗ್ಗಗಳ ರಿಪೇರಿ ನೋಡಿಕೊಂಡು ನಿವೃತ್ತನಾದ ಮೇಸ್ತ್ರಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ದೂರು: ಹೆಂಡತಿಯ ಹುಬ್ಬುಗಳ ನಡುವೆ ನೆಟ್ಟಗೆ ನಿಂತಿದ್ದ ಎರಡು ಗೆರೆಗಳು. ಎಡಗಡೆಯದು ತುಸು ಉದ್ದ, ಬಲಗಡೆಯದು ತುಸು ಆಳ. ಮಿಲ್ಲಿನ ದಿನಗಳಲ್ಲಿ ಅವುಗಳನ್ನು ಗಾಜಿನ ಗೋಡೆಯ ಆಚೆಯಿಂದ ಆಗಾಗ ನೋಡಿದರೆ ಮುಗಿಯುತ್ತಿತ್ತು. ಈಗ ಬೆಳಗಿನ ಚಹಾದಿಂದ ಹಿಡಿದು ಇಡೀ ದಿನ ಎದುರಿಗೇ. (ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿದ ನಾಲ್ವರಲ್ಲಿ ಒಬ್ಬರೂ ನಿವೃತ್ತಿಯ ಈ ಸೌಲಭ್ಯದ ಬಗ್ಗೆ ಎಚ್ಚರಿಸಿರಲಿಲ್ಲ.)

ಗೆರೆಗಳು ಬಂದದ್ದು ಕೆಲಸದಿಂದ. ಆಕೆ ಅದೇ ಮಿಲ್ಲಿನ, ಗಾಜಿನ ಗೋಡೆಯ ತಪಾಸಣೆ ಕೋಣೆಯಲ್ಲಿದ್ದವಳು. ಅಡಿಯಿಂದ ದೀಪ ಉರಿಯುವ ಮೇಜಿನ ಮೇಲೆ ನೇಯ್ದ ಬಟ್ಟೆ ಸರಿದು ಬರುವಾಗ, ತಪ್ಪಿದ ಎಳೆ, ಗಂಟು, ಎಣ್ಣೆಯ ಕಲೆ ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಆಕೆಯ ಕೆಲಸ. ಇಪ್ಪತ್ತೆಂಟು ವರ್ಷ ಹೀಗೆ ಗಂಟಿಕ್ಕಿಕೊಂಡಿದ್ದ ಹುಬ್ಬು, ಬಿಚ್ಚಿಕೊಳ್ಳುವುದನ್ನೇ ಮರೆತಿತ್ತು. ಇದು ಮೇಸ್ತ್ರಿಗೂ ಗೊತ್ತು. ಆದರೆ ಮನೆಯಲ್ಲಿ ಬಟ್ಟೆ ಸರಿದು ಬರುವುದಿಲ್ಲ. ಎದುರಿಗೆ ಸರಿದಾಡುವವನು ತಾನೊಬ್ಬನೇ. ಆದ್ದರಿಂದ ತಪಾಸಣೆ ತನ್ನದೇ ಎಂಬುದು ಆತನ ತೀರ್ಮಾನ.

"ನಿನ್ನ ಮುಖ ನೋಡಿದ್ರೆ ನಾನು ಏನೋ ತಪ್ಪು ಮಾಡಿದೀನಿ ಅನ್ಸುತ್ತೆ ಕಣೇ."

"ಮಾಡಿರಲ್ವಾ?"

ಈ ಸಂಭಾಷಣೆ ಮೂರನೇ ಮನೆಯವರೆಗೂ ಕೇಳಿಸಿತು. ಆಕೆಯ ಪಾಲಲ್ಲ, ಆತನ ಪಾಲು. ಎಂಬತ್ತು ಮಗ್ಗಗಳ ಗದ್ದಲದಲ್ಲಿ ಬದುಕಿದವನ ದನಿ ಅದು. ಬೀದಿಯವರು ಆತನನ್ನು 'ಮೈಕು' ಎಂದೇ ಕರೆಯುತ್ತಿದ್ದರು. ಆ ಗದ್ದಲ ಆತನ ಕಿವಿಯನ್ನೂ ಬಹುಪಾಲು ತಿಂದುಹಾಕಿತ್ತು. ಆದರೆ ಆತ ಅದನ್ನು ಒಪ್ಪಿಕೊಂಡವನಲ್ಲ. ಮಗ್ಗದ ಶೆಡ್ಡಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಕೈ ಎತ್ತಿದರೆ 'ನಿಲ್ಲಿಸು', ಹುಬ್ಬು ಹಾರಿಸಿದರೆ 'ಏನಾಯ್ತು?'. ಅಲ್ಲಿ ಮುಖ ಓದಲು ಕಲಿತವನು ಮನೆಯಲ್ಲೂ ಓದುತ್ತಿದ್ದ, ಓದುತ್ತಿದ್ದೇನೆಂದು ಗೊತ್ತಿಲ್ಲದೆಯೇ.

ಭುಜದ ತುರಿಕೆಗೆಂದು ಚರ್ಮದ ಡಾಕ್ಟರ ಬಳಿ ಹೋದಾಗ ಮೇಜಿನ ಮೇಲೊಂದು ಬಣ್ಣದ ಕಾಗದ ಸಿಕ್ಕಿತು. ಹುಬ್ಬಿನ ನಡುವಿನ ಗೆರೆಗಳಿಗೆ ಸೂಜಿಮದ್ದು. ಹದಿನೈದು ನಿಮಿಷದ ಕೆಲಸ. ಮೇಸ್ತ್ರಿ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಬಂದ.

"ನನ್ನ ಹಣೆ ನಿಮಗೇನು ಮಾಡಿದೆ ರೀ?" ಎಂದಳು ಹೆಂಡತಿ.

"ನನಗೇನೂ ಮಾಡಿಲ್ಲ. ಬೀಗರು ಬರ್ತಾರಲ್ಲ, ಅವರ ಗತಿ ಹೇಳು. ನಿನ್ನ ಮುಖ ನೋಡಿ, ಈಯಮ್ಮನಿಗೆ ಈ ಸಂಬಂಧ ಇಷ್ಟ ಇಲ್ಲ ಅಂದ್ಕೊಂಡ್ರೆ?"

ಈ ಮಾತು ನಾಟಿತು. ಮಗಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. (ಮೈಕಿನ ಮಗಳು ಬೇರೆ ಯಾವ ಕೆಲಸ ಹುಡುಕಿಕೊಂಡಾಳು?) ಅಲ್ಲಿನ ಹಳೆಯ ಪುಸ್ತಕಗಳಿಗೆ ಬೈಂಡಿಂಗ್ ಹಾಕಿಕೊಡುವ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ಅಪ್ಪ ಅಮ್ಮ ಮೂರು ವಾರದಲ್ಲಿ ಮೊದಲ ಸಲ ಮನೆಗೆ ಬರುವವರಿದ್ದರು. ಮಗಳಿಗೆ ಮೂವತ್ತಮೂರು ವರ್ಷ. ಯಾರನ್ನಾದರೂ ಮೆಚ್ಚಿದ್ದೇನೆ ಎಂದು ಆಕೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ತನ್ನ ಹಣೆಯಿಂದ ಅದು ಕೆಡಬಾರದು ಎಂದುಕೊಂಡಳು ತಾಯಿ.

"ಅಮ್ಮಾ, ಜೋರಾಗಿ ಹುಬ್ಬು ಗಂಟು ಹಾಕಿ ನೋಡೋಣ," ಎಂದರು ಡಾಕ್ಟರು. ಎಲ್ಲಿ ಚುಚ್ಚಬೇಕೆಂದು ಗುರುತು ಹಾಕಿಕೊಳ್ಳಬೇಕಿತ್ತು. ಹೇಳಿ ಮಾಡಿಸಿದರೆ ಬಂದೀತೆ? ಆಕೆಗೆ ನಗು ಬಂತು. ಮೂಲೆಯ ಕುರ್ಚಿಯಿಂದ ಮೇಸ್ತ್ರಿ ನೆರವಿಗೆ ಧಾವಿಸಿದ.

"ಬಟ್ಟೇಲಿ ಗಂಟು ಸಿಕ್ಕಿದೆ ಅಂತ ತಿಳ್ಕೊಳೇ! ಮನೇಲಿ ದಿನಾ ಮಾಡ್ತೀಯಲ್ಲ, ಹಂಗೇ!"

ಹೊರಗೆ ಕಾದಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಎರಡು ಗೆರೆಗಳೂ ಒಟ್ಟಿಗೆ ಎದ್ದು ನಿಂತವು.

"ಸರ್, ಹಾಗೇ ಮಾತಾಡ್ತಾ ಇರಿ," ಎಂದು ಡಾಕ್ಟರು ಐದು ಚುಕ್ಕೆ ಇಟ್ಟರು. ಚುಚ್ಚಿದ ಜಾಗ ಉಜ್ಜಬೇಡಿ, ಪೂರ್ತಿ ಪರಿಣಾಮ ಎರಡು ವಾರದಲ್ಲಿ, ಮೂರ್ನಾಲ್ಕು ತಿಂಗಳು ಇರುತ್ತದೆ ಎಂದು ಹೇಳಿ ಕಳಿಸಿದರು.

ಹತ್ತನೆಯ ದಿನದ ಹೊತ್ತಿಗೆ ಗೆರೆಗಳು ಮಾಯವಾಗಿದ್ದವು. ಹೆಂಡತಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. "ಚೆನ್ನಾಗೇ ಇದೆ," ಎಂದಳು, "ಆದ್ರೆ ಯಾರದೋ ಮನೆಗೆ ಬಂದು ಕೂತ ಹಾಗಿದೆ."

ಮೇಸ್ತ್ರಿ ಮೊದಲ ಎರಡು ದಿನ ರಾಜನ ಹಾಗಿದ್ದ. ಒದ್ದೆ ಟವೆಲ್ ಹಾಸಿಗೆಯ ಮೇಲೆ ಎಸೆದ, ಹಣೆ ಶಾಂತ. ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಬಂದ, ಹಣೆ ಶಾಂತ. ಮೂರನೆಯ ದಿನ ಆತನಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಒಂದು ಮಾತು ಆಡಿ ಆಕೆಯ ಮುಖ ನೋಡುವುದು, ಮುಂದಿನ ಮಾತು ಅಲ್ಲಿಂದ ಎತ್ತಿಕೊಳ್ಳುವುದು ಆತನ ಅಭ್ಯಾಸ. ಈಗ ನೋಡಿದರೆ ಅಲ್ಲಿ ಏನೂ ಬರೆದಿರಲಿಲ್ಲ.

"ಸಿಟ್ಟಾ?"

"ಇಲ್ವಲ್ಲ."

"ಮತ್ತೆ, ಖುಷಿನಾ?"

"ಏನಾಗಿದೆ ನಿಮಗೆ?"

ಮಗ್ಗ ನಿಂತ ಶೆಡ್ಡಿನಲ್ಲಿ ಒಬ್ಬನೇ ಓಡಾಡಿದಂತಾಗುತ್ತಿತ್ತು. ತನ್ನ ಮೇಲೆ ಆಕೆಗೆ ಇದ್ದ ಆಸಕ್ತಿಯೇ ಹೊರಟುಹೋಯಿತೇ ಎಂದೂ ಒಂದು ಮಧ್ಯಾಹ್ನ ಯೋಚಿಸಿದ. ಯಾರನ್ನು ಕೇಳುವುದು? ಹೆಂಡತಿಯ ಸಿಟ್ಟು ಕಾಣೆಯಾಗಿದೆ ಎಂದು ದೂರು ಕೊಡುವ ಗಂಡನನ್ನು ಯಾರು ಒಳಗೆ ಕರೆದು ಕೂರಿಸುತ್ತಾರೆ?

ಬೀಗರು ಭಾನುವಾರ ಬಂದರು. ಹುಡುಗನ ಅಮ್ಮ ಚುರುಕಾದ ಹೆಂಗಸು. ಅಪ್ಪ ನಿವೃತ್ತ ಸರ್ವೆಯರ್. ಮಾತನ್ನೂ ಸರಪಳಿ ಹಿಡಿದು ಅಳೆದಂತೆ ಆಡುವವರು. ಯಾವುದೋ ಕೆರೆಯ ಪಕ್ಕದ ಜಮೀನನ್ನು ತಾವು ಅಳೆದ ಕಥೆ ಶುರುಮಾಡಿದರು. ಅರ್ಧ ಗಂಟೆಯಾದರೂ ಉತ್ತರದ ಗಡಿ ದಾಟಿರಲಿಲ್ಲ.

"ಅಪ್ಪ, ಇವತ್ತು ಸ್ವಲ್ಪ ಮೆಲ್ಲಗೆ," ಎಂದು ಮಗಳು ಬೆಳಿಗ್ಗೆಯೇ ಬೇಡಿಕೊಂಡಿದ್ದಳು. ಮೇಸ್ತ್ರಿ ಮಾತು ಕೊಟ್ಟಿದ್ದ, ಉಳಿಸಿಕೊಳ್ಳುವ ಪ್ರಾಮಾಣಿಕ ಉದ್ದೇಶವೂ ಇತ್ತು. ಹೆಂಡತಿಯ ಕಡೆ ಬಾಗಿ, ತಾನು ಪಿಸುಮಾತು ಎಂದು ನಂಬಿದ್ದ ದನಿಯಲ್ಲಿ ಹೇಳಿದ:

"ಇವರು ದಕ್ಷಿಣದ ಗಡಿ ಮುಟ್ಟೋ ಹೊತ್ತಿಗೆ ನಮ್ಮ ಮಗಳಿಗೆ ಮೊಮ್ಮಕ್ಕಳಾಗಿರ್ತವೆ ಕಣೇ."

ಆಡಿ, ಅಭ್ಯಾಸದಂತೆ ಆಕೆಯ ಹಣೆ ನೋಡಿದ. ಮೂವತ್ತೈದು ವರ್ಷ ಇಂಥ ಹೊತ್ತಿನಲ್ಲಿ ಆ ಎರಡು ಗೆರೆಗಳು ಎದ್ದು ನಿಂತರೆ ಆತನ ದನಿ ತಾನಾಗಿ ಇಳಿಯುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ಇಂದು ಆಕೆಯ ಕಣ್ಣುಗಳು ಇಷ್ಟಗಲ ಅರಳಿದ್ದವು. ಹಣೆ ಮಾತ್ರ ಇಸ್ತ್ರಿ ಮಾಡಿದ ಬಟ್ಟೆ. ಮೆಚ್ಚಿಕೊಂಡಿದ್ದಾಳೆ ಎಂದು ತಿಳಿದ ಮೇಸ್ತ್ರಿ ಮುಂದುವರಿಸಿದ:

"ಆಯಮ್ಮ ನೋಡು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡೋದು ಕಲಿತುಬಿಟ್ಟಿದಾರೆ, ಪಾಪ!"

ಎರಡು ಮಾತೂ ಇಡೀ ಕೋಣೆಗೆ ಕೇಳಿಸಿದವು. ಸರ್ವೆಯರ್ ತಮ್ಮ ಕಥೆಯನ್ನು ಅಲ್ಲಿಯೇ ಬಿಟ್ಟು, ಹೊರಡುವ ಹೊತ್ತಾಯಿತು ಎಂದರು. ಮಗಳು ಅವರನ್ನು ಬಾಗಿಲವರೆಗೆ ಕಳಿಸಿ ಬಂದು ಅಪ್ಪನ ಎದುರು ನಿಂತಳು. ತುಟಿ ನಡುಗುತ್ತಿತ್ತು. ಮುಖ ಓದಬಲ್ಲ ಮೇಸ್ತ್ರಿಗೆ ಅಷ್ಟು ಸಾಕಾಯಿತು.

"ನನಗೆ ಯಾಕೆ ಹೇಳಲಿಲ್ಲ ನೀನು?" ಎಂದು ಹೆಂಡತಿಯನ್ನು ಕೇಳಿದ. ಆ ದಿನ ಮೊದಲ ಬಾರಿಗೆ ಆತನ ದನಿ ನಿಜವಾಗಿಯೂ ಸಣ್ಣದಾಗಿತ್ತು.

"ಹೇಳಿದೆ ರೀ. ಇದ್ದ ಶಕ್ತಿಯೆಲ್ಲ ಹಾಕಿ ಹುಬ್ಬು ಗಂಟಿಕ್ಕಿದೆ. ಅದು ಏಳಲೇ ಇಲ್ಲ."

ಮರುದಿನ ಹುಡುಗನ ಅಮ್ಮ ಫೋನ್ ಮಾಡಿದರು. "ನಿಮ್ಮ ಯಜಮಾನರು ಹೇಳಿದ್ದು ತಪ್ಪು ಅಂತ ನಾನಂತೂ ಅನ್ನಲ್ಲ. ಹೇಳಿದ ದನಿ ತಪ್ಪು. ನಮ್ಮವರನ್ನ ನಾನು ಸಮಾಧಾನ ಮಾಡ್ತೀನಿ. ನೀವು ಮೊದಲು ನಿಮ್ಮವರ ಕಿವಿ ತೋರಿಸಿ."

ಮಗಳು ಬೇರೆ ಷರತ್ತೇನೂ ಹಾಕಲಿಲ್ಲ. ಮೇಸ್ತ್ರಿಯೂ ಎದುರಾಡಲಿಲ್ಲ.

ಕಿವಿಯ ಯಂತ್ರ ಕೂರಿಸಿದ ಹುಡುಗಿ, "ಏನು ಕೇಳಿಸ್ತಿದೆ ಸರ್?" ಎಂದಳು. ಫ್ಯಾನು ಕೇಳಿಸಿತು. ಕಾಗದ ಸರಿದದ್ದು ಕೇಳಿಸಿತು. ಆಮೇಲೆ ಬೆನ್ನ ಹಿಂದಿನಿಂದ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಸಣ್ಣದಾಗಿ:

"ಷರ್ಟಿನ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಕನ್ನಡಿ ಮುಂದೆ ಹತ್ತು ನಿಮಿಷ ನಿಂತು ಹಾಕ್ಕೊಂಡಿದ್ದು."

ಮೇಸ್ತ್ರಿ ತಿರುಗಿದ. ಹೆಂಡತಿಯ ಹಣೆ ಕೊಳದಂತೆ ನಿಶ್ಚಲ. "ಏನಂದೆ?"

"ಏನೂ ಇಲ್ವಲ್ಲ."

ಮನೆಗೆ ಮೂರು ಬೀದಿ. ಮೂರೂ ಬೀದಿ ಆ ದನಿ ನಿಲ್ಲಲಿಲ್ಲ. ಆತ ರಸ್ತೆ ದಾಟಿದ ರೀತಿ, ಹಿಮ್ಮಡಿ ಸವೆದ ಚಪ್ಪಲಿ, ಎದುರಾದವರಿಗೆ ಹೇಳಿದ ಉದ್ದದ ಕುಶಲ, ಎಲ್ಲಕ್ಕೂ ಒಂದೊಂದು ಟಿಪ್ಪಣಿ. ಹೆಂಡತಿ ಮಹಾ ಮಿತಭಾಷಿ, ಹಣೆ ಮಾತ್ರ ಸಿಡುಕಿನದು ಎಂದು ನಂಬಿ ಮೂವತ್ತೈದು ವರ್ಷ ಕಳೆದವನಿಗೆ ಈಗ ತಿಳಿಯಿತು: ಆ ಗೆರೆಗಳು ಬರೀ ತಲೆಬರಹ. ವರದಿ ಅದರ ಕೆಳಗೆ ಪ್ರತಿದಿನವೂ ಸವಿಸ್ತಾರವಾಗಿ ಪ್ರಕಟವಾಗುತ್ತಲೇ ಇತ್ತು.

ಮನೆಯ ಮೆಟ್ಟಿಲ ಬಳಿ ಆ ದನಿ ಇನ್ನೂ ತಗ್ಗಿತು. "ಎಡಗಾಲಿನ ಮಂಡಿ ನೋಯ್ತಿದೆ ಇವರಿಗೆ. ವಾರದಿಂದ ಹೇಳ್ತಾನೇ ಇಲ್ಲ. ನಾಳೆ ನಾನೇ ಕರ್ಕೊಂಡು ಹೋಗ್ಬೇಕು…"

ಮೇಸ್ತ್ರಿ ನಿಂತ. ಕೈ ತಾನಾಗಿ ಕಿವಿಯ ಯಂತ್ರದ ಗುಂಡಿಯ ಕಡೆ ಹೋಯಿತು.

"ನೋಡಿ ನೋಡಿ, ಆಗ್ಲೇ ದನಿ ಕಮ್ಮಿ ಮಾಡ್ಕೊಳೋಕೆ ಹೊರಟ್ರಿ! ಒಂದು ಗಂಟೆ ಆಗಿಲ್ಲ ಇನ್ನೂ! ನನ್ನ ಮಾತು ಅಂದ್ರೆ ಅಷ್ಟೇ ನಿಮಗೆ…"

ಕಮ್ಮಿ ಅಲ್ಲ, ಜಾಸ್ತಿ ಮಾಡ್ಕೊಳೋಕೆ ಕಣೇ ಎಂದು ಹೇಳಲು ಮೈಕು ಬಾಯಿ ತೆರೆದ. ಬಾಗಿಲ ಬೀಗ ತೆಗೆದು, ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತರೂ ಆತನಿಗೆ ನಡುವೆ ಬಾಯಿ ಹಾಕಲು ಸಂದು ಸಿಗಲಿಲ್ಲ.